ಗುಲಾಬಿ ಚೆಂಡಿನ ನಿಯಮ

ಅಂದು ಬೆಳಿಗ್ಗೆ ನಾಸಿಕ್ ರೋಡಿನ ನಮ್ಮ ಅಂಗಡಿಯಲ್ಲಿ ಮೂರು ಜನ ಇದ್ದೆವು. ದುಡ್ಡಿನ ಗಲ್ಲೆಯ ಹಿಂದೆ ನಮ್ಮ ಮಾಮಾ, ಅಂದರೆ ನನ್ನ ತಾಯಿಯ ಅಣ್ಣ. ಅಂಗಡಿ ಅವರದು, ಅರ್ಧ ಆಟದ ಸಾಮಾನು, ಅರ್ಧ ಪುಸ್ತಕ. ಪುಸ್ತಕದ ಕಪಾಟಿನ ಮುಂದೆ ಸ್ಟೂಲಿನ ಮೇಲೆ ನಾನು, ಕೈಯಲ್ಲಿ ಧೂಳು ಒರೆಸುವ ಬಟ್ಟೆ. ನಡುವೆ, ಗಿರಾಕಿಗಳಿಗೆಂದು ಇಟ್ಟ ಬೆತ್ತದ ಕುರ್ಚಿಯಲ್ಲಿ, ಸಂಭಾಜಿನಗರದಿಂದ ಬೆಳಗಿನ ಗಾಡಿಗೆ ಬಂದಿಳಿದ ಒಬ್ಬ ಹೆಣ್ಣುಮಗಳು. ಐವತ್ತರ ಆಸುಪಾಸಿನವರು, ಹತ್ತಿಯ ಕುರ್ತಾ, ಕಾಲಿಗೆ ಆಟದ ಬೂಟು. ಅಲ್ಲಿನ ಒಂದು ಗಾಲ್ಫ್ ಬಳಗಕ್ಕೆ ತಾವು ಕಾರ್ಯದರ್ಶಿ ಎಂದು ಹೇಳಿಕೊಂಡರು. ನಾನೂ ಅವರನ್ನು ಇಲ್ಲಿ ಹಾಗೆಯೇ ಕರೆಯುತ್ತೇನೆ.

ಮಾಮಾ ಮರಾಠಿಯಲ್ಲಿಯೇ ಮಾತು ತೆಗೆದರು. ನಡುವೆ ನನ್ನ ಕಡೆ ತಿರುಗಿ, "ಚಾ ಹೇಳವಾ, ಸಕ್ಕರಿ ಕಡಿಮಿ" ಎಂದದ್ದೇ ತಡ, ಕಾರ್ಯದರ್ಶಿಯ ಮುಖ ಅರಳಿತು.

"ನೀವು ಕನ್ನಡಾ? ನಮ್ದೂ ಬೆಳಗಾವಿ ಕಡೆ. ಪಣ ನಂಗೆ ಮಾತಾಡ್ಲಿಕ್ಕೆ ನೀಟ ಬರಲ್ಲ, ಸಮಜತಂ, ತಿಳೀತದೆ ಅಷ್ಟೇ. ನಮ್ಮಪ್ಪ, ಬಾಬಾ ಮಾತ್ರ ಏಕದಂ ಮಸ್ತ್ ಮಾತಾಡ್ತಾರೆ."

"ಬರೂದಿಲ್ಲ ಅಂತ ಹೇಳಾಕ ಇಷ್ಟು ಬಂತಲ್ರಿ ಅವ್ವಾರ, ಸಾಕು ತಗೋರಿ," ಎಂದರು ಮಾಮಾ.

ಅವರು ತಂದ ಕೆಲಸ ಇದು. ಅವರ ಬಳಗದವರು ಪ್ರತಿ ಚಳಿಗಾಲ ರಾಜಸ್ಥಾನದ ಮರುಭೂಮಿಗೆ ಹೋಗಿ ಕೆಲವು ದಿನ ಡೇರೆಗಳಲ್ಲಿ ಉಳಿದು ಗಾಲ್ಫ್ ಆಡಿ ಬರುತ್ತಾರೆ. ಹೆಚ್ಚಿನವರು ನೌಕರಿ ಮುಗಿಸಿದವರು. ಈ ಸಲ ಹೊರಡುವಾಗ ಪ್ರತಿಯೊಬ್ಬರಿಗೂ ಒಂದು ಚೀಲ ಕೊಡಬೇಕು. ಅದರಲ್ಲಿ ಮರುಭೂಮಿಯ ಆಟಕ್ಕೆ ಬೇಕಾಗುವ ಸಣ್ಣಪುಟ್ಟ ಸಾಮಾನು, ಜೊತೆಗೆ ಒಂದು ಪುಸ್ತಕ. ಆರಿಸುವುದು ನಮ್ಮ ಜವಾಬ್ದಾರಿ.

ಗಾಲ್ಫ್ ಎಂದರೆ ನನ್ನ ಕಣ್ಣಿಗೆ ಹಸಿರು ಹುಲ್ಲು ಮಾತ್ರ ಬರುತ್ತಿತ್ತು. ಅಲ್ಲಿ ಹುಲ್ಲೇ ಇಲ್ಲವಂತೆ. ಇದ್ದದ್ದೆಲ್ಲ ಮರಳು. ಆಟಗಾರರು ಕೃತಕ ಹುಲ್ಲಿನ ಒಂದು ಸಣ್ಣ ಚಾಪೆಯನ್ನು ಕೈಯಲ್ಲಿ ಹಿಡಿದೇ ನಡೆಯುತ್ತಾರೆ. ಚೆಂಡು ಬಿದ್ದಲ್ಲಿ ಚಾಪೆ ಹಾಸಿ, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಕುಳಿಯ ಸುತ್ತ ನುಣ್ಣನೆಯ ಹಸಿರು ಹಾಸು ಇರಬೇಕಾದ ಕಡೆ ಎಣ್ಣೆ ಬೆರೆಸಿ ಬಡಿದು ಗಟ್ಟಿ ಮಾಡಿದ ಮರಳಿನ ಅಂಗಳ ಇರುತ್ತದೆ. ಅದರ ಬಣ್ಣ ನೋಡಿ ಅದಕ್ಕೆ ಬ್ರೌನ್ ಎಂದೇ ಹೆಸರು.

"ಒಂದೇ ಮಾತು, ಅಕ್ಕಾ," ಎಂದರು ಕಾರ್ಯದರ್ಶಿ ಏಳುವಾಗ. "ಸಾಮಾನು ಎಲ್ಲರಿಗೂ ಒಂದೇ ಥರ. ಯಾರಿಗೂ ಸ್ಪೆಷಲ್ ಅಂತ ಏನೂ ನಕೋ."

ಬಾಗಿಲ ತನಕ ಹೋದವರು ತಿರುಗಿ ಬಂದು ಅದನ್ನೇ ಮತ್ತೊಮ್ಮೆ ಹೇಳಿ ಹೋದರು.

ಮೊದಲ ಚೀಲವನ್ನು ನಾವು ಸರಕು ತರಿಸುವ ವ್ಯಾಪಾರಿಯ ಮಾತು ಕೇಳಿ ತುಂಬಿದೆವು. ಬಿಳಿ ಚೆಂಡು. ಚೆಂಡನ್ನು ನಿಲ್ಲಿಸಲು ನೆಲಕ್ಕೆ ಚುಚ್ಚುವ ಕಟ್ಟಿಗೆಯ ಸಣ್ಣ ಗೂಟ. ಅದಕ್ಕೆ ಟೀ ಎನ್ನುತ್ತಾರೆ. ದಪ್ಪ ಟವೆಲ್ಲು. ಚೆಂಡು ಬಿದ್ದು ಹುಲ್ಲು ತಗ್ಗಾದ ಕಡೆ ಎಬ್ಬಿಸಿ ಸರಿಮಾಡುವ ಎರಡು ಹಲ್ಲಿನ ಉಕ್ಕಿನ ಫೋರ್ಕು, ಕುಸುರಿ ಕೆಲಸದ ಹಿಡಿಕೆಯದು, ನೋಡಿದರೆ ಕೈ ಬಿಡಲು ಮನಸ್ಸಾಗದಂಥದ್ದು. ಇದೆಲ್ಲ ಹಿಡಿಯುವ ಜಿಪ್ಪಿನ ಚೀಲ. ಪುಸ್ತಕವೆಂದು ಜಗತ್ತಿನ ಚೆಂದದ ಗಾಲ್ಫ್ ಮೈದಾನಗಳ ಚಿತ್ರವಿರುವ, ಎರಡು ಕೈಯಲ್ಲಿ ಎತ್ತಬೇಕಾದ ಮಿರುಗುವ ಹಾಳೆಯದು.

"ಭಾರಿ ಆಗೈತಿ," ಎಂದರು ಮಾಮಾ. "ಆದರ ನಾವೇನು ಆಡಿದವರಲ್ಲ. ಒಯ್ದು ಅವರ ಕೈಯಾಗ ಕೊಟ್ಟು, ಸುಮ್ನ ನಿಂತು ನೋಡಿ ಬಾ. ಅವರು ಏನಂತಾರ ಅನ್ನೂದಕಿಂತ ಕೈ ಏನು ಮಾಡತೈತಿ ನೋಡು."

ಮಾಮಾನ ವ್ಯಾಪಾರದ ಪದ್ಧತಿಯೇ ಅದು. ಬ್ಯಾಟು ಕೇಳಿ ಬಂದವರ ಕೈಗೆ ಬ್ಯಾಟು ಕೊಟ್ಟು ತಾವು ಬೇರೆ ಏನೋ ಜೋಡಿಸುವವರ ಹಾಗೆ ಮಾಡುತ್ತಾರೆ. ಕಣ್ಣು ಮಾತ್ರ ಗಿರಾಕಿಯ ಮಣಿಕಟ್ಟಿನ ಮೇಲೆ ಇರುತ್ತದೆ.

ನಾನು ಬಸ್ಸು ಹಿಡಿದೆ. ಯೇವಲೆ ದಾಟಿ ವೈಜಾಪುರದಲ್ಲಿ ಬಸ್ಸು ನಿಂತಾಗ ಹತ್ತಿಯ ಗಾಡಿಗಳು ರಸ್ತೆ ತುಂಬಿಕೊಂಡಿದ್ದವು. ನನ್ನ ತೊಡೆಯ ಮೇಲಿನ ಚೀಲ ನೋಡಿ ಪಕ್ಕದ ಮುದುಕಿ ಮಗಳ ಬಾಣಂತನಕ್ಕೆ ಹೊರಟೆಯಾ ಎಂದು ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿಯ ಮನೆ ತಲುಪಿದೆ.

ಪಡಸಾಲೆಯಲ್ಲಿ ಅವರ ತಂದೆ ಕೂತಿದ್ದರು. ದಂಡಿನಲ್ಲಿ ಕರ್ನಲ್ ಆಗಿದ್ದವರು. ಮರುಭೂಮಿಯಲ್ಲಿ ನೌಕರಿ ಮಾಡುವಾಗ ಅಲ್ಲೇ ಆಟ ಕಲಿತು, ನಿವೃತ್ತರಾದ ಮೇಲೆ ಈ ಬಳಗ ಕಟ್ಟಿ, ಎಲ್ಲರನ್ನೂ ಮರಳಿಗೆ ಎಳೆದುಕೊಂಡು ಹೋದವರೇ ಅವರು. ನೆಟ್ಟಗೆ ಕೂತಿದ್ದರು, ಕತ್ತರಿಸಿದ ಮೀಸೆಯ ಅಂದ ಕೆಟ್ಟಿರಲಿಲ್ಲ.

"ಬರ್ರಿ, ಬರ್ರಿ. ಕನ್ನಡದಾಗ ಮಾತಾಡೂ ಮಂದಿ ಬಂದ್ರ ನಮ್ಮ ಮನ್ಯಾಗ ಹಬ್ಬ. ಇಲ್ಲಾ ಅಂದ್ರ ಇಕಿ ಜೋಡಿ ಮಾತಾಡಬೇಕು, ಅರ್ಧಾ ತಿಳೀತದ, ಅರ್ಧಾ ಬಿಡ್ತದ," ಎಂದು ಮಗಳತ್ತ ಕೈ ತೋರಿಸಿದರು.

ನಾನು ಒಂದೊಂದೇ ಸಾಮಾನು ಅವರ ಮುಂದಿಟ್ಟೆ. ಅವರು ನೋಡಲಿಲ್ಲ; ಮುಟ್ಟಿದರು. ಫೋರ್ಕಿನ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿ ನಕ್ಕರು.

"ಇದರ್ಲೆ ಏನು ಚುಚ್ಚಲಿ? ಹುಲ್ಲಿಲ್ಲ, ಮಣ್ಣಿಲ್ಲ. ಊಟಕ್ಕ ಕೂತಾಗ ಉಪ್ಪಿನಕಾಯಿ ಹೋಳು ತಗೀಬಹುದು ನೋಡ್ರಿ."

ಕಟ್ಟಿಗೆಯ ಗೂಟ ಮರಳಲ್ಲಿ ನಿಲ್ಲುವುದಿಲ್ಲ ಎಂದರು. ಟವೆಲ್ಲನ್ನು ಹಿಂಡಿ ನೋಡಿ, ಇದರ ಎಳೆಗಳಲ್ಲಿ ಮರಳು ಕೂತರೆ ಮುಖ ಒರೆಸಿದವನ ಚರ್ಮ ಕಿತ್ತು ಬರುತ್ತದೆ ಎಂದರು. ಜಿಪ್ಪು ಎರಡು ದಿನದಲ್ಲಿ ಕಚ್ಚಿಕೊಳ್ಳುತ್ತದೆ ಎಂದರು. ನಾನು ಬಿಳಿ ಚೆಂಡನ್ನು ಮೇಜಿನ ಮೇಲೆ ಇಟ್ಟೆ. ಮೇಜಿಗೆ ಹಾಸಿದ್ದ ಬಟ್ಟೆಯೂ ಬಿಳಿ. ಅವರ ಕೈ ಚೆಂಡಿನ ಪಕ್ಕದಲ್ಲಿ ಹೋಗಿ ಬರಿಯ ಮೇಜನ್ನು ತಟ್ಟಿತು. ಮರುಕ್ಷಣವೇ, ತಟ್ಟಲೆಂದೇ ತಟ್ಟಿದವರ ಹಾಗೆ, ಬೆರಳುಗಳಿಂದ ತಾಳ ಹಾಕುತ್ತ, "ಚಾ ಎಲ್ಲಿ?" ಎಂದು ಮಗಳನ್ನು ಕೂಗಿದರು.

ಮಾಮಾ ಹೇಳಿದಂತೆ ಕೈ ನೋಡುತ್ತಿದ್ದ ನಾನು ಅದನ್ನು ನೋಡಿದೆ. ಚಹಾದ ತಟ್ಟೆ ಹಿಡಿದು ಬಂದ ಕಾರ್ಯದರ್ಶಿ, ನಾನು ನೋಡಿದ್ದನ್ನು ನೋಡಿದರು.

ಗೇಟಿನ ತನಕ ಬಿಡಲು ಬಂದಾಗ ನಿಜ ಸಂಗತಿ ಹೇಳಿದರು. ಕರ್ನಲ್ ಸಾಹೇಬರ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ಶಸ್ತ್ರಕ್ರಿಯೆಯಿಂದ ತಿರುಗಿ ಬರುವಂಥದ್ದಲ್ಲ ಎಂದು ಡಾಕ್ಟರರು ಹೇಳಿದ್ದರು. ಅಂಚಿನಿಂದ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಕಳೆದ ಚಳಿಗಾಲ ಹೊಡೆದ ಚೆಂಡುಗಳನ್ನೆಲ್ಲ ಕಳೆದುಕೊಂಡು, ತಪ್ಪನ್ನು ಬಿಸಿಲಿನ ಮೇಲೆ ಹಾಕಿದ್ದರು. ಸಂಜೆ ಡೇರೆಯ ಮುಂದೆ ಅವರು ಪುಸ್ತಕ ಓದಿ ಹೇಳುವುದು ಬಳಗದ ರೂಢಿ. ಅದನ್ನೂ ಗಂಟಲು ನೋವೆಂದು ತಪ್ಪಿಸಿದ್ದರು. ಈ ವರ್ಷ ಬರುವುದಿಲ್ಲ ಎಂದುಬಿಟ್ಟಿದ್ದರು.

"ಯಾರಿಗೂ ಹೇಳಿಲ್ಲ ಬಾಬಾ. ನಾನು ಸುಮ್ನೆ ಏನಾದ್ರೂ ತಂದು ಕೊಟ್ರೆ ಫೇಕೂನ್ ದೇತಾತ, ಬಿಸಾಕ್ತಾರೆ. ಎಲ್ಲರಿಗೂ ಸೇಮ್ ಕೊಟ್ರೆ ತಗೋತಾರೆ. ಈ ಒಂದು ಸಲ ಹೋಗಿ ಬಂದ್ರೆ ಪುಢೇ, ಮುಂದೂ ಹೋಗ್ತಾರೆ, ಅಕ್ಕಾ. ಈಗ ನಿಂತ್ರೆ ಖುರ್ಚಿ ಬಿಟ್ಟು ಏಳಲ್ಲ."

ಹಾಗಾಗಿ ಕೆಲಸ ಬದಲಾಯಿತು. ಎಲ್ಲರಿಗೂ ಒಂದೇ ಚೀಲ ತುಂಬಬೇಕು. ಆ ಚೀಲ ಒಬ್ಬರನ್ನು ಮರುಭೂಮಿಗೆ ಹೊರಡಿಸಬೇಕು. ಅದು ಅವರಿಗಾಗಿ ಎಂದು ಯಾರಿಗೂ ಗೊತ್ತಾಗಬಾರದು, ಅವರಿಗೂ.

ತಿರುಗಿ ಬಂದ ಮೇಲೆ ಚೀಲದಿಂದಲೇ ಶುರು ಮಾಡಿದೆ. ನನ್ನ ಅಜ್ಜಿಯ ಸೊಂಟದಲ್ಲಿ ಒಂದು ಚಂಚಿ ಇರುತ್ತಿತ್ತು. ವಿಜಯಪುರ ಸೀಮೆಯ ಹೆಂಗಸರು ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಟ್ಟುಕೊಳ್ಳುವ ಬಟ್ಟೆಯ ಚೀಲ; ಒಂದರ ಮೇಲೊಂದು ಅರೆ, ಬಾಯಿಗೆ ದಾರ. ನನಗೆ ಮಾತು ಕಲಿಸಿದವಳು ಆಕೆಯೇ. ಕೆಂಪು ಅರೆಯಲ್ಲಿ ಏನಿದೆ, ಹಸಿರು ಅರೆಯಲ್ಲಿ ಏನಿದೆ ಎಂದು ಕೇಳಿ, ಹೆಸರು ಸರಿಯಾಗಿ ಹೇಳಿದರೆ ಲವಂಗ ಕೊಡುತ್ತಿದ್ದಳು. ಕತ್ತಲಲ್ಲೂ ಆಕೆಯ ಬೆರಳು ಬೇಕಾದ ಅರೆಗೇ ಹೋಗುತ್ತಿತ್ತು. ಅದೇ ಮಾದರಿಯಲ್ಲಿ ದಪ್ಪ ಕಾಟನ್ ಬಟ್ಟೆಯ ಚಂಚಿ ಹೊಲಿಸಿದೆ. ಒಂದು ಅರೆಯಲ್ಲಿ ಚೆಂಡು, ಒಂದರಲ್ಲಿ ಟೀ, ಒಂದರಲ್ಲಿ ಆಟದ ಕೋಲಿನ ಮರಳು ಉದುರಿಸುವ ಕುಂಚ. ಜಿಪ್ಪಿನ ತಂಟೆಯಿಲ್ಲ, ಕಣ್ಣಿನ ಹಂಗಿಲ್ಲ. ಟವೆಲ್ಲಿನ ಬದಲು ಸೊಲ್ಲಾಪುರದ ತೆಳು ವಲ್ಲಿ. ಜಾಡಿಸಿದರೆ ಮರಳು ಉದುರಿಬಿಡುತ್ತದೆ. ಕಟ್ಟಿಗೆಯ ಗೂಟದ ಬದಲು ಚಾಪೆಯ ಮೇಲೆ ನಿಲ್ಲುವ ರಬ್ಬರಿನ ಟೀ. ಚೆಂದದ ಫೋರ್ಕನ್ನು ಮಾಮಾ ಗಾಜಿನ ಕಪಾಟಿನಲ್ಲಿಟ್ಟರು; ಇನ್ನೂ ಅಲ್ಲೇ ಇದೆ.

ಉಳಿದದ್ದು ಚೆಂಡು. ಬಿಳಿಯದು ಆಗದು ಎಂಬುದು ಖಾತ್ರಿಯಾಗಿತ್ತು. ಬಣ್ಣಬಣ್ಣದ ಚೆಂಡು ತರಿಸಿ, ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಚೆಲ್ಲಿ ದೂರ ನಿಂತು ನೋಡಿದೆವು. ಹಳದಿ ಚೆಂಡು ಬಿದ್ದ ಜಾಗದಿಂದ ಕೂಗಿ ಕರೆಯುವಂತಿತ್ತು.

"ಇದಕ್ಕ ಎದುರಿಲ್ಲ," ಎಂದರು ಮಾಮಾ. "ಕುರುಡನೂ ಹುಡುಕ್ತಾನ."

ಆಡಿದ ಮೇಲೆ ಸಾಹೇಬರ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಹಳದಿಗೆ ಆರ್ಡರ್ ಹೋಯಿತು.

ತಪ್ಪು ಸಿಕ್ಕದ್ದು ಚಾಪೆಯ ದೆಸೆಯಿಂದ. ಕೃತಕ ಹುಲ್ಲಿನ ಚಾಪೆಯ ತುಂಡು ಮರಳ ಮೇಲೆ ಜಾರುತ್ತದೋ ಹೇಗೆ ಎಂದು ನೋಡಬೇಕಿತ್ತು. ಅದಕ್ಕೆ ಮರಳು ಬೇಕು. ನಮ್ಮ ಓಣಿಯ ಕೊನೆಗೆ ಕಟ್ಟಡದ ಕೆಲಸ ನಡೆದಿತ್ತು, ಕೆಲಸಕ್ಕಿದ್ದವರು ನಮ್ಮ ಕಡೆಯ ಮಂದಿಯೇ. ಒಂದು ಬುಟ್ಟಿ ಮರಳು ಕೇಳಿದೆ.

"ಮರಳು ಎಲ್ಲೈತ್ರೀ ಅಕ್ಕಾರ?" ಎಂದು ನಕ್ಕಳು ಅಲ್ಲಿನ ಹೆಣ್ಣುಮಗಳು. "ಇದು ಕಲ್ಲು ಅರದ ಪುಡಿ. ಖರೇ ಮರಳು ನೋಡಿ ನಮಗೂ ಭಾಳ ದಿನಾ ಆತು."

ನಿಜ. ಅದು ಬೂದಿ ಬಣ್ಣದ ಕಲ್ಲಿನ ಪುಡಿ. ಗೋದಾವರಿಯ ಮರಳೂ ಕಪ್ಪಗೆ. ಮರುಭೂಮಿಯ ಬಿಳಿಹಳದಿ ಮರಳು ಇಲ್ಲಿ ಎಲ್ಲಿಂದ ತರುವುದು? ಆಗ ಎರಕದ ಕಾರ್ಖಾನೆಗಳ ನೆನಪಾಯಿತು. ಕಬ್ಬಿಣ ಕರಗಿಸಿ ಹೊಯ್ಯುವ ಅಚ್ಚುಗಳನ್ನು ನುಣ್ಣನೆಯ ತಿಳಿ ಬಣ್ಣದ ಮರಳಿನಲ್ಲಿ ಮಾಡುತ್ತಾರೆ. ಪರಿಚಯದವರನ್ನು ಹಿಡಿದು ಅದರ ಎರಡು ಚೀಲ ತರಿಸಿದೆ. ಮಾಳಿಗೆಯ ಮೇಲೆ ತಾಡಪತ್ರಿ ಹಾಸಿ ಮರಳು ಹರಡಿದೆವು. ಚಾಪೆ ಸರಿಯಾಗಿ ಕೂತಿತು. ಮಾಮಾ ಖುಷಿಯಿಂದ ಒಂದು ಹಳದಿ ಚೆಂಡನ್ನು ಮರಳಿಗೆ ಎಸೆದರು.

ನಡುಹಗಲು. ಚೆಂಡು ಇಲ್ಲ.

ಅಲ್ಲೇ ಇತ್ತು, ನಾಲ್ಕು ಹೆಜ್ಜೆ ಆಚೆ. ನನ್ನ ನೆಟ್ಟಗಿನ ಕಣ್ಣಿಗೇ ಹುಡುಕಿ ತೆಗೆಯಬೇಕಾಯಿತು. ಮಾಮಾ ಕಟ್ಟೆಯ ಮೇಲೆ ಕೂತುಬಿಟ್ಟರು.

"ನೋಡವಾ, ನಾವು ಎರಿಭೂಮಿ ಮಂದಿ. ಹುಟ್ಟಿದ್ದು ಕರಿ ಮಣ್ಣಾಗ, ಬಂದು ನಿಂತಿದ್ದೂ ಕರಿ ಮಣ್ಣಾಗ. ಜಗತ್ತೆಲ್ಲಾ ಕರಿಗೇ ಐತಿ ಅಂತ ತಿಳಕೊಂಡು ಬಣ್ಣಾ ಆರಿಸಿದ್ವಿ."

ಹಿಂದಿನ ಖಾಲಿ ಜಾಗವೂ ಎರೆಮಣ್ಣಿನದೇ. ಅದರ ಮೇಲೆ ಹಳದಿ ಕಾಣದೆ ಇನ್ನೇನು ಕಂಡೀತು? ವಿಜಯಪುರದಿಂದ ನಾಸಿಕದ ತನಕ ಅದೇ ನೆಲ. ನೆಲವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನಮ್ಮಿಬ್ಬರಿಗೂ ತೋಚಿರಲಿಲ್ಲ.

ವ್ಯಾಪಾರಿಯ ಕಾಲು ಹಿಡಿದು ಆರ್ಡರ್ ತಡೆದೆ. ಈ ಸಲ ಪರೀಕ್ಷೆಯನ್ನು ಸರಿಯಾಗಿ ಹೂಡಬೇಕಿತ್ತು. ತಾಡಪತ್ರಿಯ ಅರ್ಧಕ್ಕೆ ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಎಣ್ಣೆ ಕಲಸಿ, ಬಡಿದು, ಬ್ರೌನ್ ಮಾಡಿದೆವು. ಅದರ ಬಣ್ಣ ಹೆಚ್ಚುಕಡಿಮೆ ಬೆಲ್ಲದ ಪಾಕದ್ದು. ಅರ್ಧ ತಿಳಿ ಮರಳು, ಅರ್ಧ ಕಂದು. ಇನ್ನು ಬೇಕಾದ್ದು ಸಾಹೇಬರ ಕಣ್ಣು. ನಾನು ಹಣೆಗೆ ಹಚ್ಚುವ ನನ್ನ ಟಿಕಳಿಯ ಹಾಳೆ ತಂದು, ಮಾಮಾನ ಕನ್ನಡಕದ ಎರಡೂ ಗಾಜಿನ ನಟ್ಟನಡುವೆ ಒಂದೊಂದು ಟಿಕಳಿ ಅಂಟಿಸಿದೆ.

"ಏಳು ದಶಕ ಕಾಯ್ದ ಮರ್ಯಾದಿ ಇವತ್ತು ಹೋತು," ಎನ್ನುತ್ತ ಅದನ್ನು ಹಾಕಿಕೊಂಡರು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಮರಾಠಿ ಸೊಸೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಒಂದೊಂದೇ ಚೆಂಡು ಉರುಳಿಸಿದೆ. ಬಿಳಿ ಎರಡು ಹೆಜ್ಜೆಗೇ ಹೋಯಿತು. ಹಳದಿ ಕಂದಿನ ಮೇಲೆ ಚೆನ್ನಾಗಿತ್ತು, ಮರಳಿಗೆ ಇಳಿದೊಡನೆ ಕರಗಿತು. ಕಿತ್ತಳೆ ಮರಳಲ್ಲಿ ನಿಂತಿತು, ಎಣ್ಣೆಯ ನೆಲದಲ್ಲಿ ಮಂಕಾಯಿತು. ಹಸಿರು ನೆರಳಿನ ಹಾಗೆ ಮೋಸ ಮಾಡಿತು. ಗಾಢ ಗುಲಾಬಿ ಚೆಂಡು ಎರಡೂ ಕಡೆ ಉಳಿಯಿತು. ಮಾಮಾ ತಲೆಯನ್ನು ಕೋಳಿಯ ಹಾಗೆ ಓರೆ ಮಾಡಿ ಅಂಚಿನಿಂದ ನೋಡುತ್ತ, "ಐತಿ... ಐತಿ... ಇನ್ನೂ ಐತಿ" ಎಂದು ಹೇಳುತ್ತಲೇ ಇದ್ದರು.

ಕಾರ್ಯದರ್ಶಿಗೆ ಫೋನು ಮಾಡಿ ಗುಲಾಬಿ ಎಂದೆ. ಅವರು ಬಳಗದವರ ಕಿವಿಗೆ ಹಾಕಿದರು. ಸಂಜೆ ಬಂದ ಉತ್ತರ ಕೇಳಿ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

"ಎಲ್ಲಾ ಹಸ್ತಾತ, ನಗ್ತಾರೆ ಅಕ್ಕಾ. ಒಬ್ಬರು ಅಂತಾರೆ, ಹೋಳಿ ಆಡಲಿಕ್ಕೆ ಹೊರಟೀವೇನು ಅಂತ. ಇನ್ನೊಬ್ಬರು, ಮೊಮ್ಮಗಳ ಬರ್ಥ್‌ಡೇಗೆ ಇಟ್ಕೋತೀನಿ ಅಂತಾರೆ. ತೇ ನಾಹೀ ಖೇಳಣಾರ, ಅದರಲ್ಲಿ ಆಡಲ್ಲ ಅವರು. ಒಂದು ಕೆಲಸ ಮಾಡೋಣ, ಅವರಿಗೆ ಬಿಳಿ ಹಾಕಿ, ಬಾಬಾ ಚೀಲದಲ್ಲಿ ಗುಲಾಬಿ ಹಾಕಿ."

"ಅವರೊಬ್ಬರಿಗೇ ಗುಲಾಬಿ ಹಾಕಿದ್ರ ಅವರಿಗೆ ತಿಳೀದೇ ಇರತದೇನ್ರಿ?"

"ನೋಡೋಣ," ಎಂದು ಅವರು ಫೋನಿಟ್ಟರು.

ಚೆಂಡಿನ ಗೊಡವೆ ಅಲ್ಲಿಗೇ ಬಿಟ್ಟು ಪುಸ್ತಕಕ್ಕೆ ಕೂತೆ. ಅಲ್ಲಿಯೂ ದಾರಿ ಸುಲಭವಿರಲಿಲ್ಲ. ಮಿರುಗುವ ಹಾಳೆ ಬಿಸಿಲಿಗೂ ದೀಪಕ್ಕೂ ಕಣ್ಣು ಕುಕ್ಕುತ್ತದೆ. ಅದನ್ನು ಮೊದಲೇ ತೆಗೆದಿದ್ದೆ. ದೊಡ್ಡ ಅಕ್ಷರದ ಗಾಲ್ಫ್ ಪುಸ್ತಕ ಎಲ್ಲಿ ಕೇಳಿದರೂ ಸಿಗಲಿಲ್ಲ. ಸಿಕ್ಕಿದ್ದರೂ ಉಳಿದವರು ಏಕೆ ಎಂದು ಕೇಳುತ್ತಿದ್ದರು. ಆಗ ಅನ್ನಿಸಿತು, ಸಾಮಾನು ಒಂದೇ ಥರ ಇರಲಿ, ಪುಸ್ತಕ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಮರಳಲ್ಲಿ ಹೊಡೆಯುವುದನ್ನು ಕಲಿಸುವುದು ಒಬ್ಬರಿಗೆ. ಮರುಭೂಮಿಯ ಹಕ್ಕಿಗಳದು ಒಬ್ಬರಿಗೆ. ಒಂಟೆಯ ದಾರಿ ಹಿಡಿದು ಹೋದ ಹಳೆಯ ಪ್ರವಾಸಿಗಳದು, ಥಾರಿನ ಬಾವಿಗಳದು, ನಕ್ಷತ್ರ ಗುರುತಿಸುವುದು, ಆಟಗಾರರ ತಮಾಷೆಯ ನೆನಪುಗಳು. ಪ್ರತಿ ಪುಸ್ತಕದಲ್ಲೂ ಗಟ್ಟಿಯಾಗಿ ಓದಲು ತಕ್ಕ ಒಂದು ಭಾಗ ಹುಡುಕಿ ಅಲ್ಲಿಗೆ ರಿಬ್ಬನ್ ಇಟ್ಟೆ. ಸಂಜೆ ಒಬ್ಬೊಬ್ಬರು ತಮ್ಮ ತಮ್ಮದನ್ನು ಓದಿ ಹೇಳಬೇಕು. ಆಗ ಓದುವ ಭಾರ ಒಬ್ಬರ ಮೇಲೆ ಬೀಳುವುದಿಲ್ಲ, ಕೇಳುವ ಸುಖ ಎಲ್ಲರದು.

ಸಾಹೇಬರಿಗೆ ಯಾವುದು? ಆಟದ ನಿಯಮಗಳ ಪುಸ್ತಕ ಅವರಿಗೆ ಬಾಯಿಪಾಠ ಎಂದು ಮಗಳು ಹೇಳಿದ್ದರು. ಜಗಳವಾದರೆ ತೀರ್ಪು ಅವರದೇ ಅಂತೆ. ಬಾಯಿಪಾಠವಿದ್ದ ಪುಸ್ತಕವನ್ನು ಕೈಯಲ್ಲಿ ಹಿಡಿದರೆ ಸಾಕು, ತೆರೆಯುವ ಕಾರಣವಿಲ್ಲ. ಅದೇ ಸರಿ ಎಂದು ನಿಯಮದ ಪುಸ್ತಕ ತರಿಸಿ, ರಿಬ್ಬನ್ ಎಲ್ಲಿ ಇಡಲಿ ಎಂದು ಹಾಳೆ ತಿರುವುತ್ತಿದ್ದೆ.

ಅಲ್ಲಿ ಅದು ಸಿಕ್ಕಿತು. ಬಳಗದವರು ಬಯಸಿದರೆ ತಮ್ಮ ಪಂದ್ಯಕ್ಕೆ ಸ್ಥಳೀಯವಾಗಿ ಹಾಕಿಕೊಳ್ಳಬಹುದಾದ ಒಂದು ನಿಯಮ: ಆಟಗಾರ ಶುರು ಮಾಡಿದ ಚೆಂಡಿನ ಮಾದರಿಯನ್ನು ನಡುವೆ ಬದಲಿಸುವಂತಿಲ್ಲ. ನನ್ನ ತಲೆಯಲ್ಲಿ ಒಂದು ಯೋಚನೆ ಎದ್ದಿತು. ಎಲ್ಲರೂ ಒಂದೇ ಮಾದರಿ ಎಂದು ಬಳಗ ಇದನ್ನು ಇನ್ನೊಂದು ಹೆಜ್ಜೆ ಬಿಗಿ ಮಾಡಿಕೊಂಡರೆ, ಗುಲಾಬಿ ಬೇಡವೆನ್ನುವವರಿಗೆ ದಾರಿ ಉಳಿಯುವುದಿಲ್ಲ. ಆದರೆ ಮಾದರಿ ಒಂದೇ ಆಗಿದ್ದು ಬಣ್ಣ ಬೇರೆಯಾದರೆ ಅದು ಬೇರೆ ಚೆಂಡೋ, ಅದೇ ಚೆಂಡೋ? ನನಗೆ ತಿಳಿಯಲಿಲ್ಲ. ತಿಳಿದವರು ಒಬ್ಬರೇ ಇದ್ದರು.

ಮಾಮಾನ ಮುಂದೆ ಹೇಳಿದೆ. "ಸಾಹೇಬರನ್ನೇ ಕೇಳ್ತೀನಿ."

"ಮಗಳು ಬ್ಯಾಡ ಅಂದಾಳಲ್ಲ?"

"ಕಣ್ಣಿನ ಮಾತು ಎತ್ತೂದಿಲ್ಲ. ನಿಯಮ ಕೇಳ್ತೀನಿ."

"ಅವರಾಗೇ ಎತ್ತಿದ್ರ?"

"ಎತ್ತಿದ್ರ ಸುಳ್ಳು ಹೇಳೂದಿಲ್ಲ."

ಮಾಮಾ ತಲೆಯಾಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ. ಕಾರ್ಯದರ್ಶಿಗೆ ಮೊದಲು ಫೋನು ಮಾಡಿ ಇಷ್ಟನ್ನೂ ಹೇಳಿದೆ. ಅವರು "ಕೊಡ್ತೀನಿ, ತಡೀರಿ" ಎಂದು ಫೋನನ್ನು ತಂದೆಯ ಕೈಗೆ ಕೊಟ್ಟರು.

ನಾನು ನಿಯಮ ಕೇಳಿದೆ. ಸಾಹೇಬರ ಧ್ವನಿ ಚುರುಕಾಯಿತು.

"ಬಣ್ಣ ಬ್ಯಾರೆ ಅಂದ್ರ ಚೆಂಡು ಬ್ಯಾರೆ. ಅದರಾಗ ಮಾತೇ ಇಲ್ಲ. ಯಾಕ?"

"ಚೆಂಡು ಬೇರೆ ಬೇರೆ ಬಣ್ಣದ್ದು ಕಳಸಲೋ, ಒಂದೇ ಬಣ್ಣದ್ದು ಕಳಸಲೋ ಅಂತ ವಿಚಾರ ನಡದದ್ರಿ."

"ಆಡೂದಾದ್ರ ಎಲ್ಲಾರೂ ಒಂದೇ. ಪಂದ್ಯ ಅಂದ್ರ ಪಂದ್ಯ. ಯಾವ ಬಣ್ಣ?"

"ಗುಲಾಬಿ."

"ಕೇಳೀನಿ. ನಮ್ಮ ಮಂದಿ ನಗಲಿಕ್ಕತ್ತಾರ." ಅದರ ಹಿಂದೆಯೇ, "ಗುಲಾಬೀನ ಯಾಕ? ಹೆಂಗ ಆರಿಸಿದ್ರಿ?"

ಎರಕದ ಮರಳಿನ ಸಂಗತಿ ಹೇಳಿದೆ. ಎಂಜಿನ್ ಎಣ್ಣೆಯದು ಹೇಳಿದೆ, ಶಹಬ್ಬಾಸ್ ಎಂದರು. ಹಳದಿಯ ಫಜೀತಿ ಹೇಳಿದೆ, ನಕ್ಕರು.

"ನೋಡಿದವರು ಯಾರು? ನೀವಾ?"

"ನಮ್ಮ ಮಾಮಾರಿ."

"ಅವರ ಕಣ್ಣು ಛಲೋ ಅದಾವೇನು?"

ಗಲ್ಲೆಯ ಹಿಂದಿನಿಂದ ಮಾಮಾ ನನ್ನನ್ನೇ ನೋಡುತ್ತಿದ್ದರು. "ಛಲೋ ಅದಾವ್ರಿ," ಎಂದೆ. "ಅದಕ್ಕ ಅವರ ಕನ್ನಡಕದ ನಟ್ಟನಡುವ ಎರಡು ಟಿಕಳಿ ಹಚ್ಚಿದ್ದೆ."

ಫೋನಿನಲ್ಲಿ ಕುರ್ಚಿ ಸರಿಸಿದ ಸದ್ದು ಕೇಳಿತು. ಸಾಹೇಬರು ಫೋನಿಟ್ಟು ಎದ್ದರು ಎಂದುಕೊಂಡೆ. ಇಟ್ಟಿರಲಿಲ್ಲ.

"ಟಿಕಳಿ ಎಷ್ಟು ದೊಡ್ಡದು?"

"ಸಣ್ಣದ್ರಿ. ಸಾಸಿವಿಗಿಂತ ಸ್ವಲ್ಪ ದೊಡ್ಡದು."

"ಇನ್ನೂ ಸ್ವಲ್ಪ ದೊಡ್ಡದು ಹಚ್ಚಿ ನೋಡ್ರಿ," ಎಂದರು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. "ನೋಡಿ ನನಗ ಹೇಳ್ರಿ."

ಮರುದಿನ ಬಿಸಿಲು ಏರಿದ ಮೇಲೆ ಮಾಮಾ ಮತ್ತೆ ಮಾಳಿಗೆ ಹತ್ತಿದರು. ಈ ಸಲ ತಮಾಷೆ ಮಾಡಲಿಲ್ಲ. ಹಬ್ಬಕ್ಕೆ ಹಚ್ಚುವ ದೊಡ್ಡ ಟಿಕಳಿ ಅಂಟಿಸಿದ ಕನ್ನಡಕ ಹಾಕಿಕೊಂಡು, ತಾಡಪತ್ರಿಯ ಅಂಚಿಗೆ ನಿಂತರು. ಮೊದಲ ಚೆಂಡು ಸಿಗಲಿಲ್ಲ. ಎರಡನೆಯದೂ ಸಿಗಲಿಲ್ಲ. ಆಮೇಲೆ ಅವರು ನೇರ ನೋಡುವುದನ್ನೇ ಬಿಟ್ಟು, ಮುಖವನ್ನು ಪೂರ್ತಿ ರೈಲು ಹಳಿಯ ದಿಕ್ಕಿಗೆ ತಿರುಗಿಸಿ ನಿಂತರು. "ಈಗ ಉರುಳಿಸು." ಉರುಳಿಸಿದೆ. ಮುಖ ಅತ್ತಲೇ ಇಟ್ಟು, ಕೋಲಿನ ತುದಿಯಿಂದ ಚೆಂಡನ್ನು ಮುಟ್ಟಿ ತೋರಿಸಿದರು. ಮರಳಿನ ಮೇಲೆ, ಆಮೇಲೆ ಎಣ್ಣೆಯ ನೆಲದ ಮೇಲೆ. ಬೇರೆ ಬಣ್ಣಗಳಿಂದ ಅದು ಆಗಲಿಲ್ಲ.

ಸಾಹೇಬರಿಗೆ ಅದನ್ನೇ ಹೇಳಿದೆ: ನೇರ ನೋಡಿದರೆ ಸಿಗುವುದಿಲ್ಲ, ಮುಖ ತಿರುಗಿಸಿದರೆ ಸಿಗುತ್ತದೆ, ಗುಲಾಬಿ ಮಾತ್ರ.

"ಕಳಸ್ರಿ," ಎಂದರು. "ಆ ನಗೂ ಮಂದಿಗೆ ನಿಯಮ ನಾ ಹೇಳ್ತೀನಿ."

ಹೇಳಿದರಂತೆ. ಯಾರೂ ಎದುರಾಡಲಿಲ್ಲವಂತೆ. ತಮ್ಮ ಕಣ್ಣಿನ ಮಾತನ್ನು ಅಂದೇ ಹೇಳಿದರೋ, ಮರಳಿಗೆ ಹೋದ ಮೇಲೆ ಹೇಳಿದರೋ, ಹೇಳಲೇ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಲಿಲ್ಲ. ಚಂಚಿಗಳನ್ನು ತುಂಬಿ, ದಾರ ಬಿಗಿದು, ಪುಸ್ತಕಗಳನ್ನು ಬೇರೆ ಕಾಗದದಲ್ಲಿ ಸುತ್ತಿ, ಅವರು ಗಾಡಿ ಹತ್ತುವ ಮೊದಲೇ ನಾನೇ ಒಯ್ದು ಮುಟ್ಟಿಸಿದೆ. ಎರಕದ ಮರಳನ್ನು ಓಣಿಯ ಕಟ್ಟಡದ ಕೆಲಸದವರ ಮಕ್ಕಳು ಬುಟ್ಟಿಯಲ್ಲಿ ಹೊತ್ತುಕೊಂಡು ಹೋದರು. ಎಣ್ಣೆಯ ನೆಲ ಬಡಿದ ಜಾಗದ ಕಲೆ ಮಾಳಿಗೆಯಿಂದ ಹೋಗಲಿಲ್ಲ.

ಚಳಿ ಹೋಗಿ, ಓಣಿಯಲ್ಲಿ ಕಲ್ಲಂಗಡಿಯ ಗಾಡಿಗಳು ಬರತೊಡಗಿದಾಗ ಒಂದು ಮಧ್ಯಾಹ್ನ ಕರ್ನಲ್ ಸಾಹೇಬರು ಮಗಳ ಜೊತೆ ಅಂಗಡಿಗೆ ಬಂದರು. ಮುಖ ಬಿಸಿಲಿಗೆ ಕಂದಿತ್ತು. ಬೆತ್ತದ ಕುರ್ಚಿ ಬೇಡವೆಂದು ಗಲ್ಲೆಯ ಮುಂದೆಯೇ ನಿಂತು, ಸೊಂಟದ ಚಂಚಿಯ ದಾರ ಸಡಿಲಿಸಿ, ಒಂದು ಗುಲಾಬಿ ಚೆಂಡು ತೆಗೆದು ಮೇಲಿಟ್ಟರು. ಮೈಯೆಲ್ಲ ಮರಳು ಉಜ್ಜಿ ಅದರ ಹೊಳಪು ಹೋಗಿತ್ತು.

"ಇಂಥಾವು ಬೇಕು. ನಮ್ಮ ಮಂದಿ ಎಲ್ಲಾ ಕಳಕೊಂಡು ಕೂತಾರ. ದೂರ ಹೊಡೀಬೇಕು ಅಂತಾರ, ಆಮ್ಯಾಲ ಹುಡಕ್ತಾರ. ನನ್ನದು ಇದೊಂದು ಮೊದಲನೇ ದಿನದ್ದು, ಇನ್ನೂ ಅದ."

"ಬಿಳೀದು ಬ್ಯಾಡೇನ್ರಿ ಅವರಿಗೆ?" ಎಂದು ಮಾಮಾ ಕೇಳಿದರು.

"ನಿಯಮ ಇನ್ನೂ ತಗದಿಲ್ಲರೀ ನಾ."

ಮಗಳು ನಕ್ಕರು. ನಾನು ಕಪಾಟಿನಿಂದ ಚೆಂಡಿನ ಡಬ್ಬಿ ಇಳಿಸುವಾಗ ನನ್ನ ಮೊಣಕೈ ತಗಲಿ, ಗಲ್ಲೆಯ ಮೇಲಿನ ಆ ಹಳೆಯ ಚೆಂಡು ಉರುಳತೊಡಗಿತು. ಸಾಹೇಬರು ಆಗ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. ಮುಖ ತಿರುಗಿಸಲಿಲ್ಲ. ಕೈ ಮಾತ್ರ ಚಾಚಿ, ಅಂಚಿನಿಂದ ಬೀಳುವ ಮೊದಲು ಅದನ್ನು ಹಿಡಿದು, ಚಂಚಿಯ ಅರೆಗೆ ಹಾಕಿಕೊಂಡು ದಾರ ಎಳೆದರು.